ಆಸ್ಪತ್ರೆಯ ನೀಲಿ ಪರದೆ

ಕೂಸಿಗೆ ಜ್ವರ ಬಂದರೆ ದೊಡ್ಡವರಿಗೆ ಕೈಕಾಲೇ ಆಡುವುದಿಲ್ಲ. ಟೈಲರಮ್ಮನ ಮನೆಯಲ್ಲೂ ಹಾಗೇ ಆಯಿತು. ಏಳು ತಿಂಗಳ ಮೊಮ್ಮಗನ ಮೈತುಂಬ ಕೆಂಪು ದದ್ದು ಎದ್ದಿತ್ತು. ಕಣ್ಣಿನ ರೆಪ್ಪೆ ಅಂಟಿಕೊಂಡಿತ್ತು. ಹೊಲಿಗೆಯಂತ್ರದಲ್ಲಿ ಯಾರದೋ ಅಂಗಿಯ ತೋಳನ್ನು ಅರ್ಧಕ್ಕೇ ಬಿಟ್ಟು, ಟೈಲರಮ್ಮ ಸೊಸೆಯ ಜೊತೆ ಬೀದಿ ಕೊನೆಯ ಸರ್ಕಾರಿ ಆಸ್ಪತ್ರೆಗೆ ಓಡಿದಳು.

ನರ್ಸಕ್ಕ ಕೂಸಿನ ಎದೆ ನೋಡಿದಳು. ಮುಖ ಸಪ್ಪಗಾಯಿತು.

"ದಡಾರ. ಎದೆಗೂ ಇಳಿದಿದೆ. ಇಲ್ಲೇ ಮಲಗಿಸಬೇಕು."

"ಅದು ಹೇಗೆ ಬಂತಕ್ಕಾ? ನಾವು ಒಂದು ಸೂಜಿನೂ ತಪ್ಪಿಸಿಲ್ಲ."

"ದಡಾರದ ಸೂಜಿ ಹಾಕೋದೇ ಒಂಬತ್ತು ತಿಂಗಳಿಗೆ. ಅಲ್ಲೀತನಕ ಕೂಸನ್ನ ಕಾಯೋದು ಸುತ್ತಮುತ್ತಲಿನ ಮಕ್ಕಳು. ಅವರಿಗೆ ಸೂಜಿ ಆಗಿದ್ರೆ ರೋಗ ಕೂಸಿನ ಹತ್ರ ಬರೋಕೆ ದಾರಿ ಸಿಗಲ್ಲ. ನಿಮ್ಮ ಎದುರುಮನೆ ಮಗುವಿಗೆ ಹಾಕಿಸಿರಲಿಲ್ಲ."

ಎದುರುಮನೆಯೆಂದರೆ ಗುಂಡಿಯಕ್ಕನ ಮನೆ. ಮುಂದಿನ ಕೋಣೆಯಲ್ಲೇ ಅವಳ ಗುಂಡಿ, ದಾರ, ಹುಕ್ಕುಗಳ ಅಂಗಡಿ. ಟೈಲರಮ್ಮ ಬಟ್ಟೆಯ ಚೂರು ಹಿಡಿದು ಹೋದರೆ ಸಾಕು, ಅವಳ ಪುಟ್ಟ ಮಗಳು ಡಬ್ಬದೊಳಗೆ ಕೈಯಾಡಿಸಿ ಅದೇ ಬಣ್ಣದ ಗುಂಡಿ ತೆಗೆದುಕೊಡುತ್ತಿದ್ದಳು. "ನಿನ್ನನ್ನ ನಮ್ಮ ಅಂಗಡಿಗೆ ಎತ್ಕೊಂಡು ಹೋಗ್ತೀನಿ ನೋಡು, ಸಂಬಳಕ್ಕೆ ಬರೀ ಮಿಠಾಯಿ" ಎಂದು ಟೈಲರಮ್ಮ ರೇಗಿಸುತ್ತಿದ್ದಳು. ಆ ಮಗುವಿಗೂ ದಡಾರ ಬಂದಿದೆಯೆಂದು ಕೇಳಿದ್ದಳು. ಹೋಗಿ ನೋಡಿರಲಿಲ್ಲ.

ಈಗ ಅವಳಿಗೆ ಸಿಟ್ಟು ಬಂತು. "ಹಾಗಾದ್ರೆ ತಪ್ಪು ಅವಳದ್ದೇ. ಬರಬೇಡ ಅಂದೋರು ಯಾರು?"

ನರ್ಸಕ್ಕ ಚುಚ್ಚುಮದ್ದಿನ ಕೋಣೆಯ ಬಾಗಿಲಿನ ಕಡೆ ನೋಡಿದಳು. ಅಲ್ಲಿ ನೀಲಿ ಪರದೆ ಇಳಿಬಿದ್ದಿತ್ತು.

ಆ ಪರದೆ ಹೊಲಿದವಳು ಟೈಲರಮ್ಮನೇ. ಹೊಸ ಡಾಕ್ಟರು ಬಂದ ಮೇಲೆ ಸೂಜಿ ಹಾಕುವ ದಿನ ಮೊದಲು ಪ್ರಾರ್ಥನೆ ಶುರುವಾಗಿತ್ತು. ಪ್ರಾರ್ಥನೆ ಬೀದಿಯ ಹೆಚ್ಚಿನವರ ಧರ್ಮದ್ದು, ಟೈಲರಮ್ಮನ ಧರ್ಮದ್ದು. ಅವಳಿಗೆ ಹಿಗ್ಗೋ ಹಿಗ್ಗು. ಹೊರಗಿನ ಗಲಾಟೆ ಕೇಳದಿರಲೆಂದು ಕಾಸಿಲ್ಲದೆ ಪರದೆ ಹೊಲಿದುಕೊಟ್ಟಿದ್ದಳು. ಒಮ್ಮೆ ಗುಂಡಿಯಕ್ಕ ಮಗಳನ್ನು ಎತ್ತಿಕೊಂಡು ಬಂದಾಗ ಕಾಂಪೌಂಡರು ಹೇಳಿದ: "ನೀವು ಬೇರೆಯವರಲ್ವಾ? ಹೊರಗಿರಿ, ಮುಗಿದ ಮೇಲೆ ಕರೀತೀವಿ." ಪರದೆಯ ಪಕ್ಕ ನಿಂತಿದ್ದವಳು ಟೈಲರಮ್ಮ. ಗುಂಡಿಯಕ್ಕ ಅವಳ ಮುಖ ನೋಡಿದಳು. ಟೈಲರಮ್ಮ ಪರದೆ ಎಳೆದಳು.

ಆಮೇಲೆ ಒಳಗಿದ್ದವರ ಸಾಲೇ ಉದ್ದವಾಯಿತು. ಹೊರಗಿದ್ದವರನ್ನು ಕರೆಯುವುದು ಯಾರಿಗೂ ನೆನಪಾಗಲಿಲ್ಲ.

"ಗುಂಡಿಯಕ್ಕನ ಮನೆಗೇ ಹೋಗಿ ಕರೆದೆ," ಎಂದಳು ನರ್ಸಕ್ಕ. "'ಬಾಗಿಲಲ್ಲಿ ನಿಂತು ಸಾಕಾಯ್ತು' ಅಂದ್ರು. ಅವರ ಕಡೆಯೋರು ಒಬ್ಬೊಬ್ರೇ ಬರೋದು ಬಿಟ್ರು. ಡಾಕ್ಟರಿಗೆ ಒಂದ್ಸಲ ಹೇಳಿ ನಾನೂ ಸುಮ್ಮನಾಗ್ಬಿಟ್ಟೆ."

"ಪ್ರಾರ್ಥನೆ ಒಳ್ಳೇದೇ ತಾನೇ?"

"ನಾನೂ ಪ್ರಾರ್ಥನೆ ಮಾಡಿಯೇ ಮನೆ ಬಿಡೋದು. ಡಾಕ್ಟರು ಅವರ ಮನೇಲಿ ಎಷ್ಟು ಹೊತ್ತು ಬೇಕಾದ್ರೂ ಮಾಡ್ಲಿ. ಆದ್ರೆ ಆ ಕುರ್ಚಿ ಸರ್ಕಾರದ್ದು. ಅಲ್ಲಿ ಕೂತ್ಮೇಲೆ ಅವರು ಎಲ್ಲರ ಡಾಕ್ಟರು. ನಿಮ್ಮ ಮಗಳು ಗಂಡನ ಜೊತೆ ದೂರದ ಊರಲ್ಲಿದ್ದಾಳಲ್ಲ, ಅಲ್ಲಿ ನಮ್ಮೋರು ಎಷ್ಟು ಮನೆ?"

"ನಾಲ್ಕೋ ಐದೋ."

"ಅಲ್ಲಿನ ಆಸ್ಪತ್ರೇಲಿ ಅವರ ಪ್ರಾರ್ಥನೆ ಮುಗಿಯೋತನಕ ನಿಮ್ಮ ಮಗಳನ್ನ ಹೊರಗೆ ನಿಲ್ಸಿದ್ರೆ? ಯಾರೋ ಅವಳ ಮುಖಕ್ಕೇ ಪರದೆ ಎಳೆದ್ರೆ?"

ಟೈಲರಮ್ಮ ತಿರುಗಿ ತಾನೇ ಹೊಲಿದ ಪರದೆಯ ಕಡೆ ನೋಡಿದಳು.

ಕೂಸು ಉಳಿಯಿತು. ಮೈ ಇಳಿದು ಹಿಡಿಯಷ್ಟಾಗಿತ್ತು, ಆದರೂ ಉಳಿಯಿತು. ಮನೆಗೆ ಬಂದ ದಿನ ಟೈಲರಮ್ಮ ಹಸಿರು ಬಟ್ಟೆಯ ಚೂರು ಹಿಡಿದು ಗುಂಡಿಯಕ್ಕನ ಅಂಗಡಿಗೆ ಹೋದಳು. ಪುಟ್ಟಿ ಡಬ್ಬದ ಮುಂದೆ ಕೂತಿತ್ತು. ದಡಾರ ಕಣ್ಣಿಗೂ ಇಳಿದಿತ್ತು: ಒಂದು ಕಣ್ಣಿನ ಮೇಲೆ ಬಿಳಿ ಪೊರೆ. ಇನ್ನೊಂದೂ ಮಂಜು. ಗುಂಡಿಯನ್ನು ಮೂಗಿನ ತನಕ ತಂದು ನೋಡಿ, ಹಸಿರು ಬಟ್ಟೆಗೆ ಕಂದು ಗುಂಡಿ ಕೊಟ್ಟಿತು.

ಗುಂಡಿಯಕ್ಕ ತಿದ್ದಲಿಲ್ಲ. ಟೈಲರಮ್ಮನೂ ಬದಲಿಸಿಕೊಡು ಅನ್ನಲಿಲ್ಲ. ಆ ಕಂದು ಗುಂಡಿಯನ್ನೇ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಳು.

ಅಂದೇ ಮಗನನ್ನೂ ಸೊಸೆಯನ್ನೂ ಕೂರಿಸಿಕೊಂಡು ಎಲ್ಲ ಹೇಳಿ, ಆಸ್ಪತ್ರೆಯಲ್ಲಿ ಪ್ರಾರ್ಥನೆ ನಿಲ್ಲಿಸೋಕೆ ಕೇಳೋಣ ಎಂದಳು. ಮಗ ಗೊಣಗಿದ. "ನಮ್ಮೋರೇ ನಮ್ಮನ್ನ ಬೈತಾರಮ್ಮ."

"ಬೈಯಲಿ ಬಿಡು. ಬೈಗುಳದಿಂದ ದಡಾರ ಬರಲ್ಲ," ಎಂದಳು ಸೊಸೆ. ಮಗ ಎದ್ದು ಚಪ್ಪಲಿ ಮೆಟ್ಟಿದ.

ಮೂವರೂ ಅಕ್ಕಪಕ್ಕದವರನ್ನು ಕೂಡಿಸಿಕೊಂಡು ಆಸ್ಪತ್ರೆಗೆ ಹೋದರು. ಡಾಕ್ಟರು ಮುಖ ಗಂಟಿಕ್ಕಿದರು. "ಪ್ರಾರ್ಥನೆ ಬೇಡ ಅಂತೀರೇನಮ್ಮ?"

"ಬೇಡ ಅನ್ನಲ್ಲ ಸಾರ್. ಪ್ರಾರ್ಥನೆಗೆ ಮನೆ ಇದೆ, ಮಂದಿರ ಇದೆ. ಸೂಜಿಗೆ ನಮ್ಮಂಥೋರಿಗೆ ಇದೊಂದೇ ಬಾಗಿಲು." ಟೈಲರಮ್ಮ ಸ್ಟೂಲು ಹತ್ತಿ ಪರದೆ ಬಿಚ್ಚಿದಳು. ಡಾಕ್ಟರು ತಡೆಯಲಿಲ್ಲ. ಒಪ್ಪಿದ್ದರಿಂದಲೋ, ಜನ ನಿಂತಿದ್ದರಿಂದಲೋ, ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ಸೂಜಿಯ ದಿನ ಪ್ರಾರ್ಥನೆ ಇರಲಿಲ್ಲ. ನರ್ಸಕ್ಕ ಮನೆಮನೆಗೆ ಹೋಗಿ ಕರೆದಿದ್ದಳು. ಉಳಿದ ಸೂಜಿಗಳಿಗೆಂದು ಗುಂಡಿಯಕ್ಕನೂ ಮಗಳ ಕೈ ಹಿಡಿದು ಬಂದಳು. ಒಳಗೆ ಬೆಂಚು ಖಾಲಿಯಿತ್ತು. ಆದರೂ ಅವಳು ಹೊಸ್ತಿಲಾಚೆಯೇ ನಿಂತಳು, ಯಾರಾದರೂ ಕರೆಯಲೆಂದು.

ಟೈಲರಮ್ಮ ಎದ್ದು ಹೊರಗೆ ಹೋದಳು. "ಒಳಗೆ ಬಾರೇ. ಇದು ನಿನ್ನದೂ ಆಸ್ಪತ್ರೆ."

ಗುಂಡಿಯಕ್ಕ ಅವಳನ್ನು ನೋಡದೆ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ನಡುವೆ ಇಬ್ಬರು ಕೂರುವಷ್ಟು ಜಾಗ ಉಳಿಯಿತು.

ಇದನ್ನು ಓದಿದವರೇ, ಕೇಳಿದವರೇ, ನಿಮ್ಮ ನಂಬಿಕೆ ನಿಮ್ಮ ಮನಸ್ಸಿನಲ್ಲಿ, ಮನೆಯಲ್ಲಿ ಗಟ್ಟಿಯಾಗಿರಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಸರ್ಕಾರದ ಆಸ್ಪತ್ರೆ, ಶಾಲೆ, ಕಚೇರಿ ಯಾವ ಒಂದು ಧರ್ಮದ್ದೂ ಆಗದಿರಲಿ, ನಿಮ್ಮ ಧರ್ಮದ್ದೂ ಆಗದಿರಲಿ. ಇನ್ನೊಮ್ಮೆ ಅಲ್ಲಿಗೆ ಹೋದಾಗ ಒಳಗೆ ಕೂರುವ ಮುನ್ನ ತಿರುಗಿ ನೋಡಿ. ಹೊಸ್ತಿಲಾಚೆ ಯಾರಾದರೂ ನಿಂತಿದ್ದರೆ ಯಾಕೆಂದು ಕೇಳಿ. ನಾಳೆಗೆ ಬಿಡಬೇಡಿ. ಆ ಪುಟ್ಟಿಗೆ ಬಣ್ಣಗಳು ಇನ್ನು ಮರಳಿ ಬರುವುದಿಲ್ಲ.