ಗಡಿಯಾರದ ಮನೆಯಲ್ಲಿ ಕೋಟಿನ ಟ್ರಯಲ್

ಈ ಕಥೆಗೆ ಕೈ ಹಾಕಬಾರದಿತ್ತೇನೋ. ಇದರಲ್ಲಿ ಬರುವವರು ಇನ್ನೂ ಅದೇ ಬೀದಿಯಲ್ಲಿ ಓಡಾಡಿಕೊಂಡಿದ್ದಾರೆ; ಹೇಳುವ ಬಾಯಿಯೂ ಅಂಥ ಪಳಗಿದ್ದಲ್ಲ. ಹೆಚ್ಚುಕಡಿಮೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಟೈಲರಮ್ಮನಿಗೆ ಆ ಮನೆ ಬಾಡಿಗೆಗೆ ಸಿಕ್ಕಿದ್ದೇ ಬೇರೆ ಯಾರೂ ಅದನ್ನು ಹಿಡಿಯಲಿಲ್ಲವೆಂಬ ಕಾರಣಕ್ಕೆ. ತಲೆಮಾರುಗಳ ಹಿಂದೆ ಅಲ್ಲಿದ್ದ ಡಾಕ್ಟರನ್ನು ಯಾರೋ ತಲೆಗೆ ಹೊಡೆದು ಕೊಂದಿದ್ದರು. ಆ ಸಂಜೆ ಕೊನೆಗೆ ಒಳಹೋಗಿದ್ದವನು ಬ್ರೆಡ್ ಕೊಡಲು ಬಂದ ಬೇಕರಿಯವನು. ಸಾಕ್ಷಿ ಇಲ್ಲವೆಂದು ಪೊಲೀಸರು ಅವನನ್ನು ಬಿಟ್ಟರು, ಊರಿನವರು ಬಿಡಲಿಲ್ಲ. ಹಜಾರದ ಗೋಡೆ ಗಡಿಯಾರ ಅವತ್ತೇ ನಿಂತುಹೋಯಿತಂತೆ. ಕೊಂದವನ ವಂಶದವರು ಹೊಸ್ತಿಲು ದಾಟಿದರೆ ಅದು ತಾನಾಗಿ ಗಂಟೆ ಹೊಡೆಯುತ್ತದಂತೆ. ಸಾಲದ್ದಕ್ಕೆ ಮಹಡಿಯ ಮೇಲೆ ಡಾಕ್ಟರ ಕೆಮ್ಮು ಬೇರೆ.

“ಕೆಮ್ಮಿದ್ರೆ ಕೆಮ್ಮಲಿ ಬಿಡೇ,” ಎನ್ನುತ್ತಿದ್ದರು ಟೈಲರಮ್ಮನ ಅತ್ತೆ, ಗುಂಡಿಯ ಡಬ್ಬಿ ತಡಕಾಡುತ್ತ. “ಡಾಕ್ಟ್ರಲ್ವಾ, ಔಷಧಿ ಅವರಿಗೇ ಗೊತ್ತಿರುತ್ತೆ.”

ಟೈಲರಮ್ಮನ ತಲೆನೋವು ಬೇರೆಯೇ ಇತ್ತು. ಗಿರಾಕಿಗಳು ಹೊರಗಿನ ಮೆಟ್ಟಿಲ ಮೇಲೆ ನಿಂತು ಅಳತೆ ಕೊಡುತ್ತಿದ್ದರು. ಟ್ರಯಲ್‌ಗೆ ಒಳಗೆ ಕನ್ನಡಿಯ ಮುಂದೆ ಬನ್ನಿ ಎಂದರೆ ಸಾಕು, ಎಲ್ಲರಿಗೂ ತುರ್ತು ಕೆಲಸ ನೆನಪಾಗುತ್ತಿತ್ತು. ಟ್ರಯಲ್ ನೋಡದೆ ಹೊಲಿದ ಕೋಟು ಒಂದೋ ಕಂಕುಳಲ್ಲಿ ಹಿಡಿಯುತ್ತಿತ್ತು, ಇಲ್ಲವೇ ಭುಜದಿಂದ ಜಾರುತ್ತಿತ್ತು. ಅವಳ ಕೈ ಸರಿಯಿಲ್ಲ ಎಂಬ ಮಾತು ಹಬ್ಬಿತು. ಹೀಗೇ ಆದರೆ ಅಂಗಡಿಗೆ ಬಾಗಿಲು ಹಾಕುವುದೇ ಗತಿ.

ಅಷ್ಟರಲ್ಲಿ ಕಪ್ಪು ಕೋಟು ಹೊಲಿಸಲು ಹೊಸ ವಕೀಲೆಯೊಬ್ಬಳು ಬಂದಳು. ನೋಡಿದರೆ ಅದೇ ಬೇಕರಿಯವನ ಮರಿಮಗಳು.

“ನಾಳೆ ಒಳಗೇ ಬರ್ತೀನಿ ಅಕ್ಕಾ. ಗಡಿಯಾರಕ್ಕೆ ಹೆದರಿಕೊಂಡ್ರೆ ಜಡ್ಜ್ ಮುಂದೆ ಹೇಗೆ ನಿಲ್ಲಲಿ?”

ಟೈಲರಮ್ಮನಿಗೆ ನಿದ್ದೆ ಹತ್ತಲಿಲ್ಲ. ಹುಡುಗಿ ಬಂದರೆ ಬೀದಿಯ ಭಯ ಹೋಗಬಹುದು. ಆದರೆ ಹೊಲಿಗೆ ಮಿಷನ್ ತುಳಿದಾಗ ಗೋಡೆ ಅದುರಿ, ಆ ಗಡಿಯಾರ ಒಮ್ಮೊಮ್ಮೆ ‘ಟಿಣ್’ ಎನ್ನುವುದುಂಟು. ನಾಳೆಯೇ ಅದು ‘ಟಿಣ್’ ಎಂದರೆ? ಒಂದು ಮನೆತನದ ಹಣೆಬರಹವೇ ಮುಗಿಯಿತು. ಬೆಳಿಗ್ಗೆ ಎದ್ದವಳೇ ಸ್ಟೂಲ್ ಹತ್ತಿ, ಗಡಿಯಾರದ ಒಳಗಿನ ಪುಟ್ಟ ಸುತ್ತಿಗೆಗೆ ಕೋಟಿನ ಅಸ್ತರಿನ ಕಪ್ಪು ಬಟ್ಟೆಯ ಚೂರು ಸುತ್ತಿ, ದಾರದಿಂದ ಬಿಗಿದಳು.

ಹುಡುಗಿ ಬಂದಳು. ಹಿಂದೆಯೇ ಈಗಿನ ಬೇಕರಿಯವನು, ಅವಳಪ್ಪ, ಅಂಗಿಯ ಮೇಲಿನ ಹಿಟ್ಟನ್ನೂ ಕೊಡವದೆ ಓಡಿಬಂದ. ಎದುರಿನ ಔಷಧಿ ಅಂಗಡಿಯವನೂ ಸೈಕಲ್ ರಿಪೇರಿಯವನೂ ಕೆಲಸ ಬಿಟ್ಟು ರಸ್ತೆಗಿಳಿದರು.

“ಬೇಡ ಮಗಳೇ,” ಅಪ್ಪ ಗೇಟು ಹಿಡಿದುಕೊಂಡ. “ಅಜ್ಜ ಮಾಡಿಲ್ಲ ಅಂತ ಇಷ್ಟು ವರ್ಷ ಎಲ್ಲರ ಹತ್ರ ಜಗಳ ಆಡಿದೀನಿ. ಆದ್ರೆ ನಂಗೇನು ಗೊತ್ತು? ಅದು ಹೊಡೆದುಬಿಟ್ರೆ ಏನ್ ಮಾಡಲಿ?”

“ಬನ್ನಿ ಒಳಗೆ,” ಅತ್ತೆ ಕೂಗಿದರು. “ಅದು ನಮ್ಮ ಯಜಮಾನರ ಹಾಗೆ. ಗೋಡೆಗೆ ಒರಗಿಕೊಂಡೇ ಕಾಲ ಕಳೀತು, ಒಂದು ದಿನಾನೂ ಬಾಯಿ ಬಿಡಲಿಲ್ಲ!”

ಹುಡುಗಿ ಹೊಸ್ತಿಲು ದಾಟಿದಳು. ಕನ್ನಡಿಯ ಮುಂದೆ ನಿಂತು, ಕಚ್ಚಾ ಹೊಲಿಗೆಯ ಕೋಟಿಗೆ ತೋಳು ತೂರಿಸಿದಳು. ಟೈಲರಮ್ಮ ಗುಂಡುಸೂಜಿ ಬಾಯಲ್ಲಿ ಕಚ್ಚಿಕೊಂಡೇ ಬಾಗಿದಳು. ಸದ್ದಿಲ್ಲ. ಅಪ್ಪ ಒಂದು ಕಾಲಿಟ್ಟ, ಸದ್ದಿಲ್ಲ. ಎರಡನೆಯದನ್ನೂ ಇಟ್ಟ. ನೇರ ಗಡಿಯಾರದ ಕೆಳಗೆ ಹೋಗಿ, ಕತ್ತೆತ್ತಿ ನಿಂತ. ಆಮೇಲೆ ಬಟ್ಟೆಯ ರಾಶಿಯ ಮೇಲೇ ಕುಸಿದು ಕೂತು, ಅಳುತ್ತ ನಗುತ್ತ ಬೀದಿಗೆ ಕೇಳುವಂತೆ ಕೂಗಿದ: “ನಮ್ಮಜ್ಜನ ಕೈಗೆ ಅಂಟಿದ್ದು ಬರೀ ಹಿಟ್ಟು ಕಣ್ರೋ! ಕೇಳಿಸ್ತಾ?”

ಈಗ ಪೇಚಾಟ ಉಳಿದವರದಾಯಿತು. ಬೇಕರಿಯವನು ಅಲ್ಲದಿದ್ದರೆ ಮತ್ಯಾರು? ಒಳಗೆ ಬರಲು ಹಿಂಜರಿದವರ ಮೇಲೇ ಅನುಮಾನ. ಔಷಧಿ ಅಂಗಡಿಯವನು ಅದೇ ಮಧ್ಯಾಹ್ನ, ಬೇಕಿಲ್ಲದಿದ್ದರೂ, ಪ್ಯಾಂಟಿನ ಟ್ರಯಲ್‌ಗೆ ಬಂದ. ಸೈಕಲ್‌ನವನು ಹೆಂಡತಿ ಸಮೇತ ಬಂದ. ಆ ವಾರ ಕನ್ನಡಿಯ ಮುಂದೆ ಸಾಲು ನಿಂತಿತು. ಯಾರ ಕಂಕುಳಲ್ಲೂ ಬಟ್ಟೆ ಹಿಡಿಯಲಿಲ್ಲ.

ಗಾಜು ಒರೆಸುವಾಗ ಅತ್ತೆಯ ಕಣ್ಣಿಗೆ ಆ ಕಪ್ಪು ಚೂರು ಬಿತ್ತು.

“ಇದೇನೇ, ಸುತ್ತಿಗೆಗೂ ಕೋಟು ಹೊಲಿದಿದೀಯಾ?”

ಟೈಲರಮ್ಮ ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ವಿಷಯ ಕೇಳಿ ಅತ್ತೆ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. “ಬಿಚ್ಚಿ ನೋಡೋಣ್ವಾ?”

ಅವಳು ಕತ್ತರಿ ಹಿಡಿದು ಸ್ಟೂಲ್ ಹತ್ತಿದಳು. ಅಷ್ಟರಲ್ಲಿ ಬೇಕರಿಯವನು ಬಿಸಿ ಬ್ರೆಡ್ ಹಿಡಿದು, ಗೇಟಿನ ಹತ್ತಿರ ತಡೆಯದೆ, ತನ್ನ ಮನೆಗೇ ಬಂದಂತೆ ಒಳಗೆ ಬಂದ. ಟೈಲರಮ್ಮ ಗಾಜಿನ ಬಾಗಿಲು ಮುಚ್ಚಿ, ಧೂಳು ಹೊಡೆಯುತ್ತಿದ್ದವಳಂತೆ ಕೆಳಗಿಳಿದಳು.

ಚೂರು ಇನ್ನೂ ಅಲ್ಲೇ ಇದೆ. ಡಾಕ್ಟರನ್ನು ಕೊಂದವರು ಯಾರೆಂದು ಗೊತ್ತಿಲ್ಲ. ಆ ಬೆಳಿಗ್ಗೆ ಬಟ್ಟೆಯೊಳಗೆ ಸುತ್ತಿಗೆ ಅಲುಗಿತೋ ಇಲ್ಲವೋ, ಅದೂ ಗೊತ್ತಿಲ್ಲ. ಟೈಲರಮ್ಮ ಆಗ ಹುಡುಗಿಯ ಭುಜದ ಹೊಲಿಗೆಯನ್ನು ನೋಡುತ್ತಿದ್ದಳು.