ದೇಸಾಯರ ಬಿಲ್ಲೆ

“ಕೈ ಹಿಂದಕ ತಗೊ ರಂಡಿ! ಕಟ್ಟಿ ಮೈಲಿಗಿ ಆದೀತು.”

ಕಟ್ಟೆಯ ಮೇಲೆ ಕೂತ ದೇಸಾಯರು ಗದರಿದ್ದಕ್ಕೆ ಹುಚ್ಚವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಸೆರಗಿನ ಗಂಟು ಬಿಚ್ಚಿ, ಊರಬಾಗಿಲ ಪಕ್ಕದ ಅಗಸಿಕಟ್ಟೆಯ ಕೆಳಗೆ ಹದಿನೆಂಟು ಹಿತ್ತಾಳೆ ಬಿಲ್ಲೆ ಸುರಿದಳು. ಒಂದೊಂದರ ಮೇಲೂ ದೇಸಾಯರ ಕುದುರೆ ಮುದ್ರೆ.

“ಬಿಲ್ಲಿಗಿ ಎರಡು ಸೇರು ಜ್ವಾಳ ಅಂದಿದ್ರಿ ಧಣ್ಯಾರ. ರಜಾಕಾರರ ಗದ್ದಲ ಮುಗೀಲಿ, ಕೊಡತೀನಿ ಅಂದಿದ್ರಿ. ಒಲಿ ಹಚ್ಚಿ ಎರಡು ದಿನ ಆತು.”

“ಹೈದರಾಬಾದ ಬಿತ್ತು, ಗದ್ದಲ ಮುಗೀತು, ಬಿಲ್ಲೀನೂ ಮುಗೀತು. ಈಗ ಸ್ವರಾಜ್ಯದಾಗ ಇದನ್ನ ರೊಕ್ಕ ಅಂದ್ರ ಸರಕಾರದವರು ನನ್ನ ಹಿಡೀತಾರ. ನನ್ನ ಜೇಲಿಗೆ ಕಳಸಬೇಕಂತ ಮಾಡಿಯೇನ?”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಮೂರು ತಿಂಗಳ ಹಿಂದೆ ಮುಂಡರಗಿ ಪೇಟೆಯಿಂದ ಚಿಲ್ಲರೆ ಬರುವುದು ನಿಂತಾಗ, ದೇಸಾಯರು ಊರ ರಕ್ಷಣೆಗೆಂದು ಹೊರಗಿನ ಕೇರಿಯ ಹಿತ್ತಾಳೆ ಕೊಡಗಳನ್ನು ತರಿಸಿಕೊಂಡಿದ್ದರು. ಹುಚ್ಚವ್ವನ ತವರಿನ ಕೊಡವೂ ಹೋಯಿತು. ಹೊಟ್ಟೆ ತೂತಾದ ತಂಬಿಗೆಯನ್ನಷ್ಟೇ ಬೇಡವೆಂದು ಬಿಟ್ಟರು. ಕೇರಿಯ ಕೊಡ ಮೈಲಿಗೆಯಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, “ಬೆಂಕ್ಯಾಗ ಕಾಸಿದ ಮ್ಯಾಲೆ ಎಲ್ಲೀ ಮೈಲಿಗಿ?” ಎಂದಿದ್ದರು. ಆ ಕೊಡಗಳಿಂದಲೇ ಬಿಲ್ಲೆ ಕತ್ತರಿಸಿ, ಕೊಡದವರಿಗೇ ಕೂಲಿಯೆಂದು ಕೊಟ್ಟು, ಊರ ಗೋಡೆ ಎತ್ತರಿಸಿದರು. ಸಂಜೆ, ಗೋಡೆ ಕಟ್ಟಿದವರು ಹೊರಗಿನ ಕೇರಿಗೆ ಹೋದ ಮೇಲೆ, ಒಳಗಿನವರು ಅಗಸಿಯ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಹುಚ್ಚವ್ವ ಬಿಲ್ಲೆ ಆರಿಸಿಕೊಂಡು, ತೂತು ತಂಬಿಗೆ ಹಿಡಿದು, ಕಲಾಯಿಗಾರ ಅಬ್ದುಲಗನಿಯ ತಿದಿಯ ಮುಂದೆ ಕೂತಳು. ಬಿಲ್ಲೆ ಕತ್ತರಿಸಿ ಮುದ್ರೆ ಒತ್ತಿದವನು ಅವನೇ.

“ನನ್ನ ಮಜೂರಿನೂ ಇದರಾಗ ಕೊಟ್ಟಾನವಾ ಸೂಳಿಮಗ! ನಾನ ಕತ್ತರಿಸಿದ್ದು ನನಗ!”

“ಈ ತೂತಿಗೆ ಒಂದು ಬಿಲ್ಲಿ ಬಡಿಯಪಾ. ಕುದರಿ ಹೊರಗ ಕಾಣಬೇಕು.”

“ಮಜೂರಿ?”

“ತಗೊ, ಇನ್ನೊಂದು ಬಿಲ್ಲಿ.”

ಅಬ್ದುಲಗನಿ ಕೆಮ್ಮು ಬರುವಷ್ಟು ನಕ್ಕ.

ಮರುದಿನ ಮುಂಜಾನೆ ದೇಸಾಯರು ಅಗಸಿಕಟ್ಟೆಯ ಮೇಲೆ ಬೇವಿನಕಡ್ಡಿ ಜಗಿಯುತ್ತ ಕೂತಿದ್ದರು. ಹುಚ್ಚವ್ವ ತಂಬಿಗೆಯಲ್ಲಿ ನೀರು ಹಿಡಿದು ಹಳ್ಳದ ಕಡೆ ಹೊರಟಿದ್ದಳು. ಹಿಂದೆ ಅದೇ ಕೇರಿಯ ಮಂಜವ್ವ, ಅವಳ ತಂಬಿಗೆಗೂ ಕುದುರೆ.

“ಏನಲೇ ಅದು, ತಂಬಿಗಿ ಮ್ಯಾಲೆ?”

“ನಿಮ್ಮ ಮುದ್ರಿರಿ ಧಣ್ಯಾರ. ನೀವು ಜ್ವಾಳ ಕೊಡೂತನಕಾ ದಿನಾ ಮುಂಜಾನಿ ಕುಂಡಿ ತೊಳ್ಯಾಕ ಒಯ್ತೀವಿ.”

“ಕಸಗೊಳ್ರಲೇ!”

ಆಳುಗಳಿಬ್ಬರು ಕಟ್ಟೆ ಜಿಗಿದು ಬಂದರು. ಹುಚ್ಚವ್ವ ಓಡಲಿಲ್ಲ. ತಂಬಿಗೆಯನ್ನು ಅವರ ಮುಂದೆಯೇ ಚಾಚಿದಳು.

“ತಗೋರಿ.”

ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಂಡರು.