ಖಾಲಿ ಬಿಟ್ಟ ಮಂಗಳವಾರ

ಶರತ್ಕಾಲ ಬಂತೆಂದರೆ ನಿವೃತ್ತ ನರ್ಸಮ್ಮನಿಗೂ ಅವರ ಯಜಮಾನರಿಗೂ ತಾರಸಿಯೇ ಮನೆ. ವಲಸೆ ಹೋಗುವ ಹದ್ದು, ಗಿಡುಗಗಳನ್ನು ಎರಡು ತಿಂಗಳು ಬೆಳಗಿನಿಂದ ಸಂಜೆವರೆಗೆ ಕತ್ತು ನೋಯುವಷ್ಟು ಎಣಿಸಿ ಪಟ್ಟಿಗೆ ಹಾಕುತ್ತಿದ್ದರು.

ಕೊನೆಯ ದಿನ ಪಟ್ಟಿ ತಿದ್ದುತ್ತಾ ಯಜಮಾನರು, ಇಬ್ಬರೂ ಜ್ವರ ಬಂದು ಮಲಗಿದ್ದ ಮಂಗಳವಾರದ ಮುಂದೆ ಸದ್ದಿಲ್ಲದೆ ಸೊನ್ನೆ ಬರೆದರು. ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಸೊನ್ನೆ ಅಂದ್ರೆ ದಿನವಿಡೀ ಕಾದು ನೋಡಿದ್ವಿ, ಒಂದೂ ಬರ್ಲಿಲ್ಲ ಅಂತ. ಅವತ್ತು ನಾವು ನೋಡೇ ಇಲ್ವಲ್ಲ. ಖಾಲಿ ಬಿಡಿ."

"ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ ಕಣೇ," ಎಂದು ಗೊಣಗುತ್ತಲೇ ಅವರು ರಬ್ಬರಿನಿಂದ ಉಜ್ಜಿದರು.

ಸಂಜೆ ಬೈನಾಕ್ಯುಲರ್ ಒರೆಸುವಾಗ ಯಜಮಾನರ ಮಾತು ಎಂದಿನಂತೆ ಮಗಳತ್ತ ಹೊರಳಿತು. ಜಗಳವಾಡಿಕೊಂಡು ಹೋದವಳು ಇದೇ ಊರಿನಲ್ಲಿ ಬೇರೆ ಮನೆ ಮಾಡಿದ್ದಳು.

"ನೋಡು, ಎರಡು ತಿಂಗಳಾಯ್ತು. ಈ ಕಡೆ ತಲೆ ಹಾಕಿ ಕೂಡ ಮಲಗಲಿಲ್ಲ ಅವಳು."

ಹೌದೆನ್ನಲು ಬಾಯಿ ತೆರೆದ ನರ್ಸಮ್ಮ ತಡೆದರು. ನಾಲ್ಕು ಮಹಡಿ ಕೆಳಗೆ ತಮ್ಮ ಮನೆ ಬಾಗಿಲಿಗೆ, ಜ್ವರದ ಆ ಮಂಗಳವಾರವೊಂದು ಬಿಟ್ಟರೆ, ಎರಡು ತಿಂಗಳಿಂದ ಹಗಲೆಲ್ಲ ಬೀಗ.

"ಬಾಗಿಲಲ್ಲಿ ನೋಡೋಕೆ ನಾವೆಲ್ಲಿದ್ವಿ?" ಎಂದರು. "ಅದನ್ನೂ ಖಾಲಿ ಬಿಡಿ."